ಹಳೆಯ ಕ್ಯಾಂಪರ್ ವ್ಯಾನಿಗೆ ಹೊಸ ಟೈರ್: ಅಂಗಡಿಗಿಂತ ಮೊದಲು ತೂಕದ ಕಾಟಾಕ್ಕೆ ಹೋಗಿ

ಪುಣೆ, ಮುಂಬೈ ಕಡೆ ನೆಲೆಸಿದ ನಮ್ಮವರಲ್ಲಿ ಹಳೆಯ ಟೆಂಪೊ ಟ್ರಾವೆಲರನ್ನೋ ವಿಂಗರನ್ನೋ ಕೊಂಡು, ಒಳಗೆ ಮಂಚ, ಒಲೆ, ನೀರಿನ ಟಾಕಿ ಕೂಡಿಸಿಕೊಂಡು ಊರೂರು ಸುತ್ತುವ ಉಮೇದು ಇರುವವರು ಆಗಾಗ ಸಿಗುತ್ತಾರೆ. ಅದಕ್ಕೆ ಪುಣೆಯಂಥ ಊರು ಇನ್ನೊಂದಿಲ್ಲ. 1987ರಲ್ಲಿ ಮರ್ಸಿಡಿಸ್‌ನ ಟಿ1 ವ್ಯಾನನ್ನು ಆಧರಿಸಿ ಟ್ರಾವೆಲರ್ ತಂದ ಬಜಾಜ್ ಟೆಂಪೊ (ಈಗಿನ ಫೋರ್ಸ್ ಮೋಟರ್ಸ್) ಕಂಪನಿಯ ಮನೆಯೇ ಇಲ್ಲಿನ ಆಕುರ್ಡಿ. ಆ ಗಾಡಿಯ ಕೀಲು ಕೀಲು ಬಲ್ಲ ಮೇಸ್ತ್ರಿಗಳು ಪಿಂಪ್ರಿ ಚಿಂಚ್‌ವಡದ ಕಡೆ ಹುಡುಕಿದರೆ ಈಗಲೂ ಸಿಗುತ್ತಾರೆ. ಎಂಜಿನ್, ಕ್ಲಚ್, ಬ್ರೇಕ್‌ಗಳನ್ನು ಅಂಥವರ ಕೈಗೆ ಒಪ್ಪಿಸಬಹುದು. ಟೈರ್ ಮಾತ್ರ ನಾವೇ ತಿಳಿದುಕೊಂಡು ಆರಿಸಬೇಕು. ನಾವು ಒಳಗೆ ಏನೇನು ತುಂಬಿಸಿದ್ದೇವೆ ಎಂಬುದು ಮೇಸ್ತ್ರಿಗೂ ಗೊತ್ತಿಲ್ಲ, ಟೈರ್ ಅಂಗಡಿಯವನಿಗೂ ಗೊತ್ತಿಲ್ಲ.

‘ಯಾವ ಕಂಪನೀದು ಹಾಕಿಸಲಿ?’ ಎಂದು ಕೇಳುವವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಅದು ಕೊನೆಯ ಪ್ರಶ್ನೆ. ಗಾಡಿಯ ತೂಕ ಎಷ್ಟು, ಈಗಿರುವ ಟೈರಿನ ವಯಸ್ಸು ಎಷ್ಟು, ಈ ಎರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿಯಿತು.

ಇರುವ ಟೈರಿನ ಹುಟ್ಟಿದ ದಿನ ನೋಡಿ

ದಿನಾ ಓಡುವ ಟ್ಯಾಕ್ಸಿಯ ಟೈರ್ ಸವೆದು ಸಾಯುತ್ತದೆ, ಕ್ಯಾಂಪರ್ ವ್ಯಾನಿನ ಟೈರ್ ನಿಂತಲ್ಲೇ ಮುದಿಯಾಗುತ್ತದೆ. ವರ್ಷದಲ್ಲಿ ನಾಲ್ಕಾರು ಪ್ರವಾಸ, ಉಳಿದ ಕಾಲ ಸೊಸೈಟಿಯ ಮೂಲೆಯಲ್ಲಿ ಬಿಸಿಲಿಗೆ ನಿಲುಗಡೆ. ಮನೆ ಸಾಮಾನೆಲ್ಲ ಒಳಗೇ ಇರುವುದರಿಂದ ನಿಂತಾಗಲೂ ಭಾರ ಇಳಿಯುವುದಿಲ್ಲ. ಹಾಗಾಗಿ ಗ್ರಿಪ್ ಹೊಸದರಂತೆ ಕಂಡರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಹಳೆ ವ್ಯಾನ್ ಕೊಂಡವರು ‘ಟೈರ್ ಎಲ್ಲಾ ಹೊಸದೇ ಅದಾವ್ರೀ’ ಎಂಬ ಮಾತನ್ನು ಕಣ್ಣಿಂದ ನೋಡದೆ ಒಪ್ಪಬಾರದು.

ಟೈರಿನ ಮಗ್ಗುಲಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 3218 ಎಂದಿದ್ದರೆ 2018ರ 32ನೇ ವಾರ, ಅಂದರೆ ಆಗಸ್ಟ್ ತಿಂಗಳು. ಎಷ್ಟೋ ಟೈರುಗಳಲ್ಲಿ ಈ ಅಂಕಿ ಒಂದೇ ಮಗ್ಗುಲಲ್ಲಿ ಅಚ್ಚಾಗಿರುತ್ತದೆ. ಅದು ಒಳಬದಿಗೆ ಬಂದಿದ್ದರೆ ಟಾರ್ಚ್ ಹಿಡಿದು ಗಾಡಿಯಡಿ ತಲೆ ಹಾಕಲೇಬೇಕು. ನಾಲ್ಕರ ಬದಲು ಮೂರೇ ಅಂಕಿ ಕಂಡರೆ ಅದು 2000ಕ್ಕಿಂತ ಹಿಂದಿನ ಟೈರ್, ಆ ಗಾಡಿಯನ್ನು ಅಂಗಡಿವರೆಗೂ ಓಡಿಸಬೇಡಿ. ಸ್ಟೆಪ್ನಿಯ ಅಂಕಿಯನ್ನೂ ಓದಿ. ಹಳೆ ವ್ಯಾನುಗಳಲ್ಲಿ ಎಲ್ಲಕ್ಕಿಂತ ಮುದಿಯಾದದ್ದು ಅದೇ ಆಗಿರುವುದುಂಟು.

ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ರಿಮ್ಮಿನಿಂದ ಇಳಿಸಿ ಒಳಗೂ ಹೊರಗೂ ನೋಡಿಸಬೇಕು. ಹತ್ತು ವರ್ಷ ಅಂತೂ ಕಡೆಯ ಗಡಿ. ಭಾರ ಹೊತ್ತು ನಿಲ್ಲುವ ಕ್ಯಾಂಪರ್‌ಗೆ ನಾನು ಅಷ್ಟು ದೂರ ಹೋಗಲು ಹೇಳುವುದಿಲ್ಲ. ಆರೇಳು ವರ್ಷಕ್ಕೆ ಬದಲಿಸಿಬಿಡಿ. ಮಗ್ಗುಲಲ್ಲಿ ಕೂದಲೆಳೆಯಂಥ ಬಿರುಕು, ಎಲ್ಲಾದರೂ ಗುಳ್ಳೆ, ಗ್ರಿಪ್ಪಿನ ತೋಡಿನ ತಳದಲ್ಲಿ ಸೀಳು ಕಂಡರೆ ವಯಸ್ಸಿನ ಲೆಕ್ಕವೂ ಬೇಡ.

ಸವೆತದ ಬಗ್ಗೆ ಒಂದು ಮಾತು. ತೋಡಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದ ಟೈರ್ ಕಾನೂನಿಗೆ ಒಪ್ಪದು. ತೋಡುಗಳ ನಡುವೆ ಅಡ್ಡಲಾಗಿ ಇರುವ ಸಣ್ಣ ದಿಬ್ಬಗಳು ತೋರಿಸುವುದು ಇದನ್ನೇ. ಆದರೆ ಹಳೆ ವ್ಯಾನುಗಳಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಇರುವುದು ಅಪರೂಪ, ಮೇಲಾಗಿ ಗಾಡಿ ಎತ್ತರ, ಭಾರ. ಆಷಾಢದ ಮಳೆಯಲ್ಲಿ ಆಂಬೋಲಿ ಘಾಟಿ ಇಳಿಯುವಾಗ 1.6 ಮಿಲಿಮೀಟರ್ ಗ್ರಿಪ್ ನೀರನ್ನು ಪಕ್ಕಕ್ಕೆ ತಳ್ಳಲಾರದು. 3 ಮಿಲಿಮೀಟರಿಗೇ ಬದಲಿಸುವುದು ಉಳಿತಾಯಕ್ಕಿಂತ ದೊಡ್ಡ ಲಾಭ.

ತೂಕ ಹಾಕಿಸಿ, ಆಕ್ಸಲ್ ಲೆಕ್ಕದಲ್ಲಿ

ಇಡೀ ಕೆಲಸದ ಜೀವಾಳ ಇದು. ಇದನ್ನು ಬಿಟ್ಟು ಟೈರ್ ಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಕಳವಳವಾಗುತ್ತದೆ. ಗಾಡಿ ತಯಾರಿಸಿದ ಕಂಪನಿ ಅದಕ್ಕೆ ಟೈರ್ ಗೊತ್ತುಮಾಡಿದ್ದು ಜನ ಕೂರುವ ಲೆಕ್ಕದಲ್ಲಿ. ಜನ ಹತ್ತುತ್ತಾರೆ, ಇಳಿಯುತ್ತಾರೆ. ನೀವು ಹೇರಿದ್ದು ಇಳಿಯುವುದಿಲ್ಲ. ನೂರು ಲೀಟರಿನ ಟಾಕಿ ತುಂಬಿದರೆ ನೀರೇ ನೂರು ಕಿಲೋ. ದೊಡ್ಡ ಇನ್ವರ್ಟರ್ ಬ್ಯಾಟರಿ ಆಸಿಡ್ ಸಮೇತ ಐವತ್ತು ಕಿಲೋದ ಆಸುಪಾಸು. ಎಂಟಡಿ ನಾಲ್ಕಡಿಯ 18 ಮಿಲಿಮೀಟರ್ ಪ್ಲೈವುಡ್ ಹಲಗೆ ಒಂದೊಂದೂ ಮೂವತ್ತು ಕಿಲೋ ದಾಟುತ್ತದೆ. ಮಂಚ, ಕಪಾಟು, ಅಡುಗೆಕಟ್ಟೆ ಸೇರಿ ಅಂಥ ಎಷ್ಟು ಹಲಗೆ ಹೋದವು ಎಂಬುದನ್ನು ಬಡಗಿಯ ಬಿಲ್ಲಿನಲ್ಲಿ ನೋಡಿ. ಮೇಲಾಗಿ ಮಂಚ, ಟಾಕಿ, ಬ್ಯಾಟರಿ ಮೂರೂ ಹಿಂದಿನ ಆಕ್ಸಲ್ಲಿನ (ಎರಡೂ ಬದಿಯ ಚಕ್ರಗಳನ್ನು ಕೂಡಿಸುವ ಅಚ್ಚಿನ) ಮೇಲೋ ಅದಕ್ಕೂ ಹಿಂದೋ ಕೂತಿರುತ್ತವೆ. ಹೀಗಾಗಿ ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಟೈರುಗಳು ಮಿತಿ ಮೀರಿರಬಹುದು.

ಭೋಸರಿ, ಚಾಕಣದ ಕಾರ್ಖಾನೆ ಪ್ರದೇಶಗಳಲ್ಲಿ, ದೊಡ್ಡ ಮಾರುಕಟ್ಟೆಗಳ ಹತ್ತಿರ ಲಾರಿ ತೂಗುವ ವಜನ್‌ಕಾಟಾಗಳಿವೆ. ಪ್ರವಾಸಕ್ಕೆ ಹೊರಡುವಂತೆಯೇ ಹೋಗಿ. ಟಾಕಿ ತುಂಬಿರಲಿ, ಡೀಸೆಲ್ ತುಂಬಿರಲಿ, ಹಾಸಿಗೆ ಪಾತ್ರೆ ಎಲ್ಲ ಇರಲಿ, ಸಾಧ್ಯವಾದರೆ ಮನೆಮಂದಿಯೂ ಒಳಗೆ ಕೂತಿರಲಿ. ಮೊದಲು ಇಡೀ ಗಾಡಿ ತೂಗಿಸಿ. ಆಮೇಲೆ ಮುಂದಿನ ಚಕ್ರಗಳು ಕಾಟಾದಿಂದ ಆಚೆ ಇಳಿಯುವಷ್ಟು ಮುಂದೆ ತಂದು ಹಿಂದಿನ ಆಕ್ಸಲ್ ಮಾತ್ರ ತೂಗಿಸಿ. ಕಾಟಾದವನಿಗೆ ‘ಫಕ್ತ ಮಾಗಚೀ ಚಾಕಂ’ ಎಂದರೆ ಸಾಕು, ಅರ್ಥವಾಗುತ್ತದೆ. ಒಟ್ಟಿನಿಂದ ಅದನ್ನು ಕಳೆದರೆ ಮುಂದಿನ ಆಕ್ಸಲ್ಲಿನ ಭಾರ ಸಿಕ್ಕಿತು. ಚೀಟಿಯನ್ನು ಗಾಡಿಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ.

ಈಗ ಲೆಕ್ಕ ನೋಡಿ. ಹಿಂದೆ ಎರಡೇ ಚಕ್ರವಿರುವ ವ್ಯಾನಿನ ಹಿಂದಿನ ಆಕ್ಸಲ್ 1,700 ಕಿಲೋ ತೂಗಿತು ಎಂದಿಟ್ಟುಕೊಳ್ಳಿ. ಒಂದೊಂದು ಟೈರಿಗೆ 850. ಆದರೆ ಅಡುಗೆಕಟ್ಟೆ, ಟಾಕಿ ಎರಡೂ ಎಡಕ್ಕಿದ್ದರೆ ಎಡದ ಟೈರಿಗೆ 900 ಬಿದ್ದಿರಬಹುದು, ಬಲದ್ದಕ್ಕೆ 800. ಟೈರ್ ಆರಿಸಬೇಕಾದ್ದು ಆ ಭಾರದ ಬದಿಗೆ, ಅದರ ಮೇಲೂ ಸ್ವಲ್ಪ ಮಿಗುವಂತೆ. ಇಲ್ಲಿ 900 ಕಿಲೋ ಹೊರುವ ಟೈರ್ ಕಾಗದದ ಮೇಲೆ ಸರಿ, ರಸ್ತೆಯ ಮೇಲೆ ಬಿಗಿ. 950 ಕಿಲೋದ್ದು ಬೇಕು. ಹಾಗೆಯೇ ಸಾಮಾನನ್ನು ಬಲಕ್ಕೆ ಹಂಚುವುದಕ್ಕೆ ಖರ್ಚೇ ಇಲ್ಲ, ಅದನ್ನು ಮೊದಲು ಮಾಡಿ.

ಆಕ್ಸಲ್ಲಿಗೆ ಕಂಪನಿ ಕೊಟ್ಟ ಮಿತಿಯನ್ನೇ ತೂಕ ಮೀರಿದ್ದರೆ ಎಷ್ಟು ಗಟ್ಟಿ ಟೈರ್ ಹಾಕಿದರೂ ಉಪಯೋಗವಿಲ್ಲ. ಪಾಟಾ (ಪಟ್ಟಿ ಸ್ಪ್ರಿಂಗ್), ಬೇರಿಂಗ್, ಬ್ರೇಕ್ ಯಾವುದರ ತಾಕತ್ತೂ ಟೈರಿನಿಂದ ಹೆಚ್ಚುವುದಿಲ್ಲ. ಆಗ ಇರುವ ದಾರಿ ಸಾಮಾನು ಇಳಿಸುವುದೊಂದೇ.

ಟೈರಿನ ಮೇಲಿನ ಬರಹ

ಅಳತೆಯನ್ನು ಈಗ ಗಾಡಿಯಲ್ಲಿರುವ ಟೈರ್ ನೋಡಿ ಬರೆದುಕೊಳ್ಳಬೇಡಿ. ಮೂರು ನಾಲ್ಕು ಕೈ ದಾಟಿ ಬಂದ ವ್ಯಾನಿನಲ್ಲಿ ಹಿಂದಿನ ಮಾಲೀಕರು ಅಗ್ಗಕ್ಕೆ ಸಿಕ್ಕಿದ್ದನ್ನು ಹಾಕಿಸಿರುವುದುಂಟು. ಬಾಗಿಲಿನ ಚೌಕಟ್ಟಿನ ಮೇಲಿನ ಫಲಕ ಅಥವಾ ಕಂಪನಿಯ ಕೈಪಿಡಿ ನೋಡಿ. ಎರಡೂ ಕಳೆದಿದ್ದರೆ ಅದೇ ಮಾದರಿ, ಅದೇ ವರ್ಷದ ಗಾಡಿಯ ವಿವರವನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಸಾರಿಗೆ ವಾಹನವಾಗಿ ನೋಂದಣಿಯಾದ ಗಾಡಿಯಾದರೆ ನೋಂದಣಿ ವಿವರಗಳಲ್ಲೂ ಟೈರಿನ ಅಳತೆ, ಆಕ್ಸಲ್ಲಿನ ಮಿತಿ ಇರುತ್ತವೆ.

ಇನ್ನು ಬರಹವನ್ನು ಬಿಡಿಸಿ ನೋಡೋಣ. 195 ಆರ್ 15 ಸಿ 106/104 ಆರ್ ಎಂದಿದೆ ಎನ್ನಿ. 195 ಎಂದರೆ ಮಿಲಿಮೀಟರಿನಲ್ಲಿ ಅಗಲ. ನಡುವಿನ ಆರ್ ಎಂದರೆ ರೇಡಿಯಲ್, ಒಳಗಿನ ದಾರಗಳು ಅಂಚಿನಿಂದ ಅಂಚಿಗೆ ನೇರ ಹಾದ ಟೈರ್. 15 ಎಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. ಸಿ ಎಂದರೆ ಭಾರದ ವ್ಯಾನುಗಳಿಗಾಗಿ ಕಟ್ಟಿದ ಟೈರ್. ನಮ್ಮ ದೇಶದ ಟೈರುಗಳಲ್ಲಿ ಇದರ ಬದಲು ಎಲ್‌ಟಿ ಎಂದಿರುವುದು ಸಾಮಾನ್ಯ. 106/104 ಭಾರದ ಸಂಕೇತ. ಮೊದಲನೆಯದು ಆಕ್ಸಲ್ಲಿನ ಒಂದು ಬದಿಗೆ ಒಂದೇ ಟೈರಿದ್ದಾಗ, ಎರಡನೆಯದು ಜೋಡಿ ಟೈರಿದ್ದಾಗ ಒಂದೊಂದೂ ಹೊರುವ ಭಾರ. 106 ಅಂದರೆ 950 ಕಿಲೋ, 104 ಅಂದರೆ 900. ಇದೇ ಸಾಲಿನಲ್ಲಿ 100ಕ್ಕೆ 800, 102ಕ್ಕೆ 850, 108ಕ್ಕೆ 1,000 ಕಿಲೋ. ಕೊನೆಯ ಆರ್ ವೇಗದ ಮಿತಿ, ಗಂಟೆಗೆ 170 ಕಿಲೋಮೀಟರ್. ಕ್ಯೂ ಇದ್ದರೆ 160. ಹಳೆ ವ್ಯಾನಿಗೆ ಇವೆಲ್ಲ ಬೇಕಾದ್ದಕ್ಕಿಂತ ಹೆಚ್ಚೇ, ಆದರೆ ಕಂಪನಿ ಹೇಳಿದ ಅಕ್ಷರಕ್ಕಿಂತ ಕೆಳಗಿಳಿಯಬೇಡಿ. 6 ಪಿಆರ್, 8 ಪಿಆರ್ ಎಂಬುದು ಪದರಗಳ ಬಲದ ಹಳೆಯ ಅಳತೆ. ಕಂಪನಿ 8 ಎಂದಿದ್ದರೆ 6ಕ್ಕೆ ಒಪ್ಪಬೇಡಿ.

ಅಂಗಡಿಯಲ್ಲಿ ಸಾಮಾನ್ಯವಾಗಿ ಬರುವ ಸಲಹೆ, ‘ಸಾಹೇಬ್, ಇದು ಕಾರಿಂದು, ರಿಮ್ಮಿಗೆ ಸರಿಯಾಗಿ ಕೂಡುತ್ತೆ, ಮೆತ್ತಗೆ ಓಡುತ್ತೆ’ ಎಂಬುದು. ಕೂಡುವುದು ನಿಜ. 185/65 ಆರ್ 15ರ ಕಾರಿನ ಟೈರಿನಲ್ಲಿ 88 ಎಂದಿದ್ದರೆ ಅದು ಹೊರುವುದು 560 ಕಿಲೋ. ಮೇಲಿನ ಲೆಕ್ಕದ ವ್ಯಾನಿನಲ್ಲಿ ಅದರ ಮೇಲೆ 900 ಬೀಳುತ್ತದೆ. ಖಂಬಾಟ್ಕಿ ಘಾಟಿಯ ತಿರುವುಗಳಲ್ಲಿ ಅದರ ಮೆತ್ತನೆಯ ಮಗ್ಗುಲು ಮಡಚಿ ಗಾಡಿ ಓಲಾಡುತ್ತದೆ, ಬಿಸಿಲಿನ ಕಾಂಕ್ರೀಟಿನ ಮೇಲೆ ಒಳಗಿನ ಪದರ ಬಿಸಿಯೇರಿ ಬಿಟ್ಟುಕೊಳ್ಳುತ್ತದೆ. ಓಮ್ನಿಯಂಥ ಸಣ್ಣ ವ್ಯಾನಿಗೂ ಕಂಪನಿ 145 ಆರ್ 12 ಎಲ್‌ಟಿ ಟೈರ್ ಕೊಟ್ಟದ್ದು ಸುಮ್ಮನೆ ಅಲ್ಲ. ಯುರೋಪಿನಲ್ಲಿ ಕ್ಯಾಂಪರುಗಳಿಗೆಂದೇ ಸಿಪಿ ಗುರುತಿನ ಟೈರ್ ಮಾಡುತ್ತಾರೆ, ಸದಾ ಭಾರ ಹೊತ್ತು ನಿಲ್ಲುವುದಕ್ಕಾಗಿ. ಇಲ್ಲಿನ ಅಂಗಡಿಗಳಲ್ಲಿ ಅದಕ್ಕಾಗಿ ಅಲೆಯುವುದಕ್ಕಿಂತ ಸರಿಯಾದ ಭಾರ ಸಂಕೇತದ ಸಿ ಅಥವಾ ಎಲ್‌ಟಿ ಟೈರ್ ಹಾಕಿಸುವುದು ಮೇಲು.

ಅಗಲ ಟೈರ್ ಹಾಕಿದರೆ ಗಾಡಿ ಗಟ್ಟಿ ಎಂಬ ನಂಬಿಕೆಯೂ ಇದೆ. ಅಗಲ ಹೆಚ್ಚಾದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜಬಹುದು, ರಿಮ್ಮಿನ ಅಗಲಕ್ಕೆ ಹೊಂದದಿರಬಹುದು, ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಪವರ್ ಸ್ಟೇರಿಂಗ್ ಇಲ್ಲದ ಗಾಡಿಯಾದರೆ ಭುಜ ನೋವು ಬೇರೆ. ಕಂಪನಿಯ ಅಳತೆಯಲ್ಲೇ ಇರಿ, ಭಾರದ ಸಂಕೇತವನ್ನು ಬೇಕಿದ್ದರೆ ಮೇಲಕ್ಕೇರಿಸಿ.

ಟ್ಯೂಬ್, ರಿಮ್, ವಾಲ್ವ್

ಹಳೆ ವ್ಯಾನಿನ ರಿಮ್ ಟ್ಯೂಬ್ ಹಾಕುವಂಥದ್ದಾಗಿದ್ದರೆ ಅದರ ಮೇಲೆ ಟ್ಯೂಬ್‌ಲೆಸ್ ಟೈರ್ ಕೂಡಿಸಬಾರದು. ಟ್ಯೂಬ್‌ಲೆಸ್ ರಿಮ್ಮಿನಲ್ಲಿ ಟೈರಿನ ಅಂಚು ಜಾರದಂತೆ ತಡೆಯುವ ಸಣ್ಣ ಉಬ್ಬು ಸುತ್ತಲೂ ಇರುತ್ತದೆ, ಟ್ಯೂಬ್ ರಿಮ್ಮಿನಲ್ಲಿ ಅದಿರದು. ಟ್ಯೂಬ್‌ಲೆಸ್ ಬೇಕೇಬೇಕೆಂದರೆ ಅದೇ ಮಾದರಿಯ ಸರಿಯಾದ ರಿಮ್ ತರಬೇಕು. ಮುಂಬೈ ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೆ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಬಹುದು, ಆದರೆ ವೆಲ್ಡಿಂಗ್ ಮಾಡಿದ, ಅಂಚು ಬಡಿದು ನೇರ ಮಾಡಿದ ರಿಮ್ ಬೇಡ. ಟ್ಯೂಬ್ ಟೈರೇ ಇರಲಿ ಎಂದಾದರೆ ಟೈರಿನ ಜೊತೆ ಹೊಸ ಟ್ಯೂಬ್, ಹೊಸ ಫ್ಲಾಪ್ (ಟ್ಯೂಬಿಗೂ ರಿಮ್ಮಿಗೂ ನಡುವಿನ ರಬ್ಬರ್ ಪಟ್ಟಿ) ಕೂಡ ಹಾಕಿಸಿ. ಹಿಗ್ಗಿದ ಹಳೆ ಟ್ಯೂಬ್ ಹೊಸ ಟೈರಿನೊಳಗೆ ಮಡಚಿಕೊಂಡು ಅಲ್ಲಿಂದಲೇ ಸೀಳುತ್ತದೆ.

ಗೋವಾದಲ್ಲಿ ನಿಂತ, ಕೊಂಕಣದ ಕರಾವಳಿಯಲ್ಲಿ ಓಡಾಡಿದ ಗಾಡಿಯಾದರೆ ರಿಮ್ಮಿನ ಅಂಚಿಗೆ ಉಪ್ಪುಗಾಳಿಯ ತುಕ್ಕು ಹಿಡಿದಿರುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಗಾಳಿ ದಿನಾ ಇಷ್ಟಿಷ್ಟೇ ಇಳಿಯುವುದಕ್ಕೆ ಅದು ದೊಡ್ಡ ಕಾರಣ. ಟೈರ್ ಬಿಚ್ಚಿದಾಗ ತುಕ್ಕು ಉಜ್ಜಿಸಿ ಬಣ್ಣ ಹೊಡೆಸಿ, ಒಣಗಿದ ಮೇಲೆ ಟೈರ್ ಕೂಡಿಸಲು ಹೇಳಿ.

ವಾಲ್ವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಾರುಗಳಿಗೆ ಹಾಕುವ ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐವರೆಗಿನ (ಪಂಪಿನ ಮಾಪಕದಲ್ಲಿ ಗಾಳಿಯ ಒತ್ತಡ ತೋರಿಸುವ ಅಳತೆ) ಒತ್ತಡಕ್ಕೆ ಮಾತ್ರ. ಭಾರದ ವ್ಯಾನಿನ ಟೈರಿಗೆ ಆ ಹತ್ತಿರದ ಗಾಳಿಯೇ ಬೇಕಾಗುವಾಗ ಲೋಹದ, ನಟ್ ಬಿಗಿಯುವ ವಾಲ್ವ್ ಕೇಳಿ ಹಾಕಿಸಿ. ಹಳೆಯದನ್ನೇ ಉಳಿಸಲು ಬಿಡಬೇಡಿ.

ಗ್ರಿಪ್ ಯಾವುದು

ಉದ್ದುದ್ದ ತೋಡಿನ ಸಾದಾ ಹೈವೇ ಗ್ರಿಪ್ ಸಾಕು. ಪುಣೆಯಿಂದ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ಹಾದು ಬೆಳಗಾವಿಗೆ ಹೋಗುವುದಾಗಲಿ, ಪಂಢರಪುರ, ಗಾಣಗಾಪುರದ ದಾರಿಯಾಗಲಿ ಡಾಂಬರು, ಕಾಂಕ್ರೀಟ್ ತಾನೆ? ದೊಡ್ಡ ಹಲ್ಲಿನ ಟೈರ್ ನೋಡಲು ಚೆಂದ, ಆದರೆ ಸದ್ದು ಜಾಸ್ತಿ, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ. ತೋಟ, ಹೊಲದ ಕಚ್ಚಾ ದಾರಿಗೆ ಮೇಲಿಂದ ಮೇಲೆ ಇಳಿಯುವವರು ಮಾತ್ರ ಹಿಂದಿನ ಚಕ್ರಗಳಿಗೆ ನಡುವಿನ ಬಗೆಯದು ಯೋಚಿಸಬಹುದು.

ನೈಲಾನ್ ಟೈರಿನ (ಒಳದಾರಗಳು ಓರೆಯಾಗಿ ಹಾದ ಹಳೆ ಬಗೆಯದು) ಕಾಲದ ವ್ಯಾನಾದರೆ ಒಂದೇ ಆಕ್ಸಲ್ಲಿನಲ್ಲಿ ನೈಲಾನ್, ರೇಡಿಯಲ್ ಬೆರೆಸಕೂಡದು. ಬದಲಿಸುವುದಾದರೆ ಎಲ್ಲ ಚಕ್ರಗಳಿಗೂ ರೇಡಿಯಲ್ಲೇ ಹಾಕಿಸಿ, ರಿಮ್ ಅದಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಂಡು. ಎರಡಕ್ಕೇ ದುಡ್ಡಿದ್ದರೆ ಹೊಸ ಜೋಡಿ ಹಿಂದಕ್ಕೆ ಹೋಗಲಿ. ಮಳೆಯಲ್ಲಿ ಹಿಂಬದಿ ಜಾರಿದ ಎತ್ತರದ ಗಾಡಿಯನ್ನು ಸಂಭಾಳಿಸುವುದು ಮುಂಬದಿ ಜಾರಿದ್ದಕ್ಕಿಂತ ಬಹಳ ಕಷ್ಟ. ಹಿಂದೆ ಜೋಡಿ ಚಕ್ರವಿದ್ದರೆ ಒಂದು ಬದಿಯ ಎರಡೂ ಟೈರ್ ಒಂದೇ ಅಳತೆ, ಒಂದೇ ಸವೆತದ್ದಾಗಿರಬೇಕು. ಇಲ್ಲವಾದರೆ ಎತ್ತರದ್ದು ಎರಡರ ಭಾರವನ್ನೂ ಒಂದೇ ಹೊರುತ್ತದೆ. ಮೇಲ್ಪದರ ಮರುಕಟ್ಟಿದ ರಿಮೋಲ್ಡ್ ಟೈರ್ ಕ್ಯಾಂಪರ್‌ಗೆ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಒಳಗಿನ ಹಳೆ ಕಟ್ಟಿನ ವಯಸ್ಸು ನಮಗೆ ಕಾಣುವುದಿಲ್ಲ.

ಅಂಗಡಿಯಲ್ಲಿ

ಈಗ ಕಂಪನಿಯ ಮಾತು. ಭಾಂಡುಪದಲ್ಲಿ ಸಿಯೆಟ್, ಗೋವಾದ ಉಸಗಾಂವದಲ್ಲಿ ಎಂಆರ್‌ಎಫ್, ಚಾಕಣದಲ್ಲಿ ಬ್ರಿಜ್‌ಸ್ಟೋನ್ ಕಾರ್ಖಾನೆಗಳಿವೆ. ನಮ್ಮ ಮೈಸೂರಿನ ವಿಕ್ರಾಂತ್ ಈಗ ಜೆಕೆ ಟೈರ್‌ನದು. ಹೆಸರಾಂತ ಯಾವುದಾದರೂ ಸರಿ, ನಿಮ್ಮ ಅಳತೆ ಮತ್ತು ಭಾರ ಸಂಕೇತದಲ್ಲಿ ತಾಜಾ ಮಾಲು ಯಾರಲ್ಲಿದೆಯೋ ಅವರದ್ದು ಕೊಳ್ಳಿ. ಹಳೆ ವ್ಯಾನುಗಳ ಅಳತೆಗೆ ಬೇಡಿಕೆ ಕಡಿಮೆಯಾದ್ದರಿಂದ ಗೋದಾಮಿನಲ್ಲಿ ಎರಡು ಮೂರು ವರ್ಷ ಕೂತ ಟೈರ್ ಹೊರಬರುವ ಸಾಧ್ಯತೆ ಹೆಚ್ಚು. ಎಲ್ಲ ಟೈರುಗಳ ನಾಲ್ಕು ಅಂಕಿಯನ್ನೂ ರಿಮ್ಮಿಗೆ ಏರಿಸುವ ಮೊದಲೇ ಓದಿ. ಆರು ತಿಂಗಳೊಳಗಿನದು ಸಿಕ್ಕರೆ ಒಳ್ಳೆಯದು, ವರ್ಷ ದಾಟಿದ್ದನ್ನು ವಾಪಸು ಕಳಿಸಿ. ಒಂದು ವಾರ ಕಾದರೆ ಅಂಗಡಿಯವರು ತರಿಸಿಕೊಡುತ್ತಾರೆ. ಐಎಸ್‌ಐ ಗುರುತು ಇದೆಯೇ ನೋಡಿ. ಬಿಲ್ಲಿನ ಮೇಲೆ ಪ್ರತಿ ಟೈರಿನ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ, ವಾರಂಟಿ ನಿಂತಿರುವುದೇ ಅದರ ಮೇಲೆ. ಬಿಲ್ಲಿಲ್ಲದಿದ್ದರೆ ಅಗ್ಗ ಎಂಬ ಮಾತಿಗೆ ಮರುಳಾಗಬೇಡಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ.

ಟೈರ್ ಕೂಡಿಸುವ ಮೊದಲು ಮುಂಭಾಗವನ್ನು ಜಾಕ್ ಹಚ್ಚಿ ಎತ್ತಿಸಿ, ಚಕ್ರ ಹಿಡಿದು ಅಲುಗಿಸಿ ನೋಡಿ. ಮುಂದಿನ ಚಕ್ರ ತಿರುಗಿಸುವ ಕಿಂಗ್ ಪಿನ್, ಟೈ ರಾಡ್, ಇಲ್ಲವೇ ಬೇರಿಂಗ್ ಸಡಿಲವಿದ್ದರೆ ಹೊಸ ಟೈರ್ ಕೆಲವೇ ತಿಂಗಳಲ್ಲಿ ಒಂದೇ ಬದಿ ಸವೆಯುತ್ತದೆ. ಅದನ್ನು ಸರಿಪಡಿಸಿ ಆಮೇಲೆ ಅಲೈನ್‌ಮೆಂಟ್ (ಚಕ್ರಗಳ ದಿಕ್ಕು ಸರಿಪಡಿಸುವುದು) ಮಾಡಿಸಿ, ಅದೂ ಸಾಮಾನು ತುಂಬಿದ ಗಾಡಿಯಲ್ಲೇ. ನಟ್‌ಗಳನ್ನು ಎದುರುಬದುರಾಗಿ ಬಿಗಿಯಬೇಕು. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಪಾನಾ ಹಾಕಿ ಇನ್ನೊಮ್ಮೆ ನೋಡಲೇಬೇಕು.

ಗಾಳಿ

ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡ ನಿಮ್ಮ ಗಾಡಿಗೆ ಹಾಕಬೇಕಾದ ಒತ್ತಡವಲ್ಲ. ಆ ಟೈರ್ ತನ್ನ ಪೂರ್ಣ ಭಾರ ಹೊರಲು ಬೇಕಾದ ಗಾಳಿ ಅದು. ಕಾಟಾದ ಚೀಟಿ ಮತ್ತೆ ಕೆಲಸಕ್ಕೆ ಬರುವುದು ಇಲ್ಲಿ. ಟೈರ್ ಕಂಪನಿಗಳ ಬಳಿ ಯಾವ ಭಾರಕ್ಕೆ ಎಷ್ಟು ಗಾಳಿ ಎಂಬ ಪಟ್ಟಿ ಇರುತ್ತದೆ, ವಿತರಕರ ಮೂಲಕ ಕೇಳಿ ತರಿಸಿಕೊಳ್ಳಿ. ಮುಂದಿನ ಮತ್ತು ಹಿಂದಿನ ಆಕ್ಸಲ್ಲಿಗೆ ಬೇರೆ ಬೇರೆ ಅಂಕಿ ಬರುತ್ತದೆ. ಗಾಡಿ ಫಲಕದ ಅಂಕಿಗಿಂತ ಕೆಳಗೆ ಹೋಗಬೇಡಿ. ಎರಡು ಅಂಕಿಗಳನ್ನೂ ಡ್ಯಾಶ್‌ಬೋರ್ಡಿನ ಮೇಲೆ ಬರೆದು ಅಂಟಿಸಿ. ಪೆಟ್ರೋಲ್ ಬಂಕಿನ ಹುಡುಗ ಕಾರೆಂದುಕೊಂಡು ಮೂವತ್ತೈದು ಹೊಡೆದು ಕಳಿಸುವುದು ಸಾಮಾನ್ಯ.

ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಹೊರಡುವ ಮೊದಲು, ಟೈರ್ ತಣ್ಣಗಿರುವಾಗ. ಓಡಿ ಬಿಸಿಯಾದಾಗ ಒತ್ತಡ ಏರುವುದು ಸಹಜ, ಏರಿತೆಂದು ಗಾಳಿ ಹೊರಬಿಡಬೇಡಿ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ, ಸಮೃದ್ಧಿ ಮಹಾಮಾರ್ಗದಂಥ ಕಾಂಕ್ರೀಟ್ ರಸ್ತೆಗಳಲ್ಲಿ ಟೈರ್ ಸಿಡಿದರೆ ಎಲ್ಲರೂ ಬಿಸಿಲನ್ನೇ ಬೈಯುತ್ತಾರೆ. ಗಾಳಿ ಕಡಿಮೆಯಿದ್ದು, ಭಾರ ಹೆಚ್ಚಿದ್ದು, ಮಗ್ಗುಲು ಪ್ರತಿ ಸುತ್ತಿಗೂ ಬಾಗಿ ಬಾಗಿ ತನ್ನೊಳಗೇ ಕಾಯುತ್ತದೆ, ಬಿಸಿಲು ಅದಕ್ಕೆ ತುಪ್ಪ ಸುರಿಯುತ್ತದೆ. ವಾಲ್ವಿನ ತಲೆಗೆ ತಿರುಗಿಸುವ ಒತ್ತಡ ಸೂಚಕಗಳು ಈಗ ಸುಲಭವಾಗಿ ಸಿಗುತ್ತವೆ. ಹಿಂದಿನ ಜೋಡಿ ಚಕ್ರದ ಒಳಗಿನ ಟೈರಿಗಂತೂ ಅದು ಬೇಕು, ಅದರ ಗಾಳಿ ಹೋದದ್ದು ಹೊರಗಿನಿಂದ ತಿಳಿಯದು.

ನಿಲ್ಲಿಸುವಾಗ

ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ನೀರಿನ ಟಾಕಿ ಖಾಲಿ ಮಾಡಿ, ಇಳಿಸಬಹುದಾದ್ದನ್ನು ಇಳಿಸಿ. ಗಾಳಿಯನ್ನು ಪೂರ್ತಿ ಪ್ರಮಾಣಕ್ಕೆ ತುಂಬಿ. ತಿಂಗಳಿಗೊಮ್ಮೆ ಐದಾರು ಕಿಲೋಮೀಟರ್ ಓಡಿಸಿ ಬನ್ನಿ. ರಬ್ಬರನ್ನು ಬಿರುಕಿನಿಂದ ಕಾಯುವ ರಾಸಾಯನಿಕಗಳು ಟೈರ್ ಬಾಗಿ ಬಳುಕಿದಾಗಲೇ ಮೇಲ್ಮೈಗೆ ಬರುತ್ತವೆ. ಅದೂ ಆಗದಿದ್ದರೆ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಟೈರಿನ ಮೇಲಿನ ಭಾರ ತೆಗೆಯಿರಿ. ಬಿಸಿಲು ಬೀಳುವ ಬದಿಯ ಚಕ್ರಗಳಿಗೆ ದಪ್ಪ ಬಟ್ಟೆ ಹೊದಿಸಿ. ಹೊಳಪಿಗೆಂದು ಪೆಟ್ರೋಲಿಯಂ ಬೆರೆತ ಪಾಲಿಶ್ ಬಳಿಯಬೇಡಿ, ಸಾಬೂನು ನೀರು ಸಾಕು. ಡೀಸೆಲ್, ಆಯಿಲ್ ಸೋರಿ ಟೈರಿನಡಿ ನಿಲ್ಲದಂತೆ ನೋಡಿಕೊಳ್ಳಿ.

ಮತ್ತೆ ಹೊರಡುವ ಮುನ್ನಾದಿನ ಗಾಳಿ ಹಿಡಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಯಾವುದಾದರೂ ಒಂದು ಟೈರಿನಲ್ಲಿ ಮಾತ್ರ ಎರಡು ಮೂರು ಪಿಎಸ್‌ಐ ಇಳಿದಿದ್ದರೆ ವಾಲ್ವಿನ ಬುಡಕ್ಕೂ ರಿಮ್ಮಿನ ಅಂಚಿಗೂ ಸಾಬೂನು ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದ ಜಾಗ ಸರಿಪಡಿಸಿದ ಮೇಲೆಯೇ ಕಾತ್ರಜ್ ಸುರಂಗ ದಾಟಿ.